ಕರಗುವ ಮಂಜುಗಡ್ಡೆಯ ಮೇಲೆ

ಸಂಗೀತ ಕಛೇರಿ ಮುಗಿಯುವುದು ಯಾವಾಗ? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಸಿದ್ಧವಾಗಿದೆ. ವಿದ್ವಾಂಸರು ಮಂಗಳ ಹಾಡಿದರೆಂದರೆ ಶ್ರೋತೃಗಳು ಎದ್ದು ಹೊರಡಬಹುದು. ಪಶ್ಚಿಮ ದೇಶಗಳಲ್ಲಾದರೆ ವಾದಕನ ಮುಂದಿರುವ ಸ್ವರಲಿಪಿಯ ಕೊನೆಯ ಪುಟ ಮುಗಿದಾಗ ಕಛೇರಿಯೂ ಮುಗಿಯುತ್ತದೆ. ಆದರೆ ಕಛೇರಿಯ ಕಾಲಾವಧಿಯನ್ನು ತನ್ನ ಕೈಯಲ್ಲೂ ಇಟ್ಟುಕೊಳ್ಳದೆ, ಗಡಿಯಾರಕ್ಕೂ ಒಪ್ಪಿಸದೆ, ಬೀದಿಯ ಬಿಸಿಲಿಗೆ ಬಿಟ್ಟುಕೊಟ್ಟ ಕಲಾವಿದೆಯೊಬ್ಬಳುಂಟು. ಅವಳ ಹೆಸರು ಲಾರಿ ಆಂಡರ್ಸನ್.

1974-75ರ ಸುಮಾರಿನಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲೂ ಇಟಲಿಯ ಜಿನೋವಾದಲ್ಲೂ ಬೀದಿಯಲ್ಲಿ ಹೋಗುತ್ತಿದ್ದ ಜನ ಒಂದು ವಿಚಿತ್ರ ದೃಶ್ಯವನ್ನು ಕಂಡು ಥಟ್ಟನೆ ನಿಂತರು. ತರುಣಿಯೊಬ್ಬಳು ಪಿಟೀಲು ನುಡಿಸುತ್ತಿದ್ದಾಳೆ. ಅವಳು ತೊಟ್ಟಿರುವುದು ಹಿಮದ ಮೇಲೆ ಜಾರುವವರು ಧರಿಸುವ ಸ್ಕೇಟ್ ಬೂಟುಗಳನ್ನು. ಅವುಗಳ ಉಕ್ಕಿನ ಅಲಗುಗಳು ಎರಡು ದಪ್ಪ ಮಂಜುಗಡ್ಡೆಗಳೊಳಗೆ ಹುದುಗಿಹೋಗಿವೆ! ಪಿಟೀಲಿನ ಒಡಲೊಳಗೆ ಒಂದು ಸಣ್ಣ ಧ್ವನಿವರ್ಧಕವನ್ನು ಅಡಗಿಸಿಟ್ಟಿದೆ. ಮೊದಲೇ ಮುದ್ರಿಸಿಟ್ಟ ಸಂಗೀತ ಅದರಿಂದ ಹೊರಹೊಮ್ಮುತ್ತಿದೆ. ಅದರೊಡನೆ ಅವಳು ಕಮಾನು ಆಡಿಸುತ್ತಿದ್ದಾಳೆ. ತನ್ನೊಡನೆ ತಾನೇ ನಡೆಸುವ ಜುಗಲ್‌ಬಂದಿ ಅದು. ಮಂಜುಗಡ್ಡೆ ಕರಗಿ, ಕಾಲು ನೆಲೆತಪ್ಪಿದಾಗ ಕಛೇರಿ ಸಮಾಪ್ತಿ. ನಡುನಡುವೆ ನಿಲ್ಲಿಸಿ ಅವಳು ಜನರೊಡನೆ ಮಾತನಾಡುತ್ತಿದ್ದಳು. ಹಿಮದ ಮೇಲೆ ಜಾರುವುದಕ್ಕೂ ಪಿಟೀಲು ನುಡಿಸುವುದಕ್ಕೂ ಬಹಳ ಸಾಮ್ಯವಿದೆ. ಅಲ್ಲಿ ಅಲಗು, ಇಲ್ಲಿ ಕಮಾನು. ಎರಡರಲ್ಲಿಯೂ ಸಮತೂಕ ತಪ್ಪಿದರೆ ಕೆಟ್ಟಿತು ಎಂದು ವಿವರಿಸುತ್ತಿದ್ದಳು.

ಜಿನೋವಾದಲ್ಲಿ ನಡೆದ ಒಂದು ಸ್ವಾರಸ್ಯವನ್ನು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಈ ಸಂಗೀತ ತನ್ನ ಅಜ್ಜಿಯ ನೆನಪಿಗಾಗಿ ಎಂದು ಅವಳು ತನಗೆ ಬರುತ್ತಿದ್ದ ಅಲ್ಪಸ್ವಲ್ಪ ಇಟಾಲಿಯನ್ ಭಾಷೆಯಲ್ಲಿ ಜನರಿಗೆ ತಿಳಿಸಿದಳು. ಅಜ್ಜಿ ತೀರಿಕೊಂಡ ದಿನ ಅವಳು ಹೆಪ್ಪುಗಟ್ಟಿದ ಕೆರೆಯೊಂದರ ಮೇಲೆ ನಡೆದುಹೋಗಿದ್ದಳಂತೆ. ಅಲ್ಲಿ ಬಾತುಕೋಳಿಗಳ ಕಾಲುಗಳು ಮಂಜಿನಲ್ಲಿ ಸಿಕ್ಕಿಕೊಂಡಿದ್ದುದನ್ನು ಕಂಡಳಂತೆ. ಇದನ್ನು ಕೇಳಿದವನೊಬ್ಬ ಆಗತಾನೆ ಬಂದು ಗುಂಪು ಸೇರಿದವರಿಗೆ ಅರ್ಥ ಹೇಳಿದನು: ಒಮ್ಮೆ ಈ ಹುಡುಗಿಯೂ ಅವಳ ಅಜ್ಜಿಯೂ ಜೊತೆಯಾಗಿ ಕೆರೆಯಲ್ಲಿ ಹೆಪ್ಪುಗಟ್ಟಿಹೋಗಿದ್ದರು, ಆ ಕಾರಣದಿಂದ ಇವಳು ಹೀಗೆ ನುಡಿಸುತ್ತಿದ್ದಾಳೆ!

ಕಥೆ ಒಂದು ಬಾಯಿಂದ ಮತ್ತೊಂದು ಬಾಯಿಗೆ ಹೋಗುವಷ್ಟರಲ್ಲಿ ಬೇರೆಯೇ ಆಗಿಬಿಡುತ್ತದೆ. ಇದು ನಗುವ ಸಂಗತಿಯೇ ಸರಿ. ಆದರೆ ಹೇಳುವವಳ ಬಾಯಲ್ಲಿಯೇ, ಅವಳಿಗೂ ತಿಳಿಯದಂತೆ, ಕಥೆ ಬದಲಾಗುತ್ತಿದ್ದರೆ? ಈ ಪ್ರಶ್ನೆಗೆ ಆಕೆ ಎದುರಾಗಿ ನಿಲ್ಲಲು ಇನ್ನೂ ನಾಲ್ಕು ದಶಕಗಳು ಕಳೆಯಬೇಕಾಯಿತು.

ಲಾರಿ ಆಂಡರ್ಸನ್ ಹುಟ್ಟಿದ್ದು 1947ರ ಜೂನ್ 5ರಂದು. ಷಿಕಾಗೋ ನಗರದ ಹೊರವಲಯದ ಗ್ಲೆನ್ ಎಲಿನ್ ಎಂಬಲ್ಲಿ ಅವಳು ಬೆಳೆದಳು. ತಂದೆತಾಯಿಗಳಿಗೆ ಎಂಟು ಮಂದಿ ಮಕ್ಕಳು. ಅವರಲ್ಲಿ ಇವಳು ಎರಡನೆಯವಳು. ಎಳವೆಯಲ್ಲಿಯೇ ಪಿಟೀಲು ಕಲಿತು ಷಿಕಾಗೋದ ಕಿರಿಯರ ವಾದ್ಯವೃಂದದಲ್ಲಿ ನುಡಿಸುವ ಮಟ್ಟಕ್ಕೆ ಏರಿದ್ದಳು. ಆ ಹಾದಿಯಲ್ಲಿಯೇ ಸಾಗಿದ್ದರೆ ಯಾವುದಾದರೂ ದೊಡ್ಡ ವಾದ್ಯವೃಂದದಲ್ಲಿ ಒಂದು ಕುರ್ಚಿ ಅವಳಿಗೆ ದೊರೆಯುತ್ತಿತ್ತೋ ಏನೋ. ಆದರೆ ಹದಿಹರೆಯದಲ್ಲಿಯೇ ಅವಳು ಸಾಧನೆಯನ್ನು ಕೈಬಿಟ್ಟಳು. ಪಿಟೀಲೊಂದಕ್ಕೇ ಬಾಳನ್ನು ಮುಡಿಪಿಟ್ಟರೆ ಜಗತ್ತಿನ ಉಳಿದ ವಿಷಯಗಳು ತನ್ನ ಪಾಲಿಗೆ ಇಲ್ಲವಾಗುತ್ತವೆ ಎಂಬುದು ಅವಳ ಅಳುಕಾಗಿತ್ತು. ನ್ಯೂಯಾರ್ಕಿಗೆ ಬಂದು 1969ರಲ್ಲಿ ಬರ್ನಾರ್ಡ್ ಕಾಲೇಜಿನಿಂದ ಕಲೆಯ ಇತಿಹಾಸದಲ್ಲಿ ಪದವಿ ಪಡೆದಳು. 1972ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದಿಂದ ಶಿಲ್ಪಕಲೆಯಲ್ಲಿ ಸ್ನಾತಕೋತ್ತರ ಪದವಿ ಗಳಿಸಿದಳು. ಬಿಟ್ಟ ಪಿಟೀಲು ಮಾತ್ರ ಅವಳನ್ನು ಬಿಡಲಿಲ್ಲ. ಶಿಲ್ಪಿಯ ಕಣ್ಣಿಗೆ ಅದು ಈಗ ಬೇರೆಯೇ ವಸ್ತುವಾಗಿ ಕಂಡಿತು: ಬಿಚ್ಚಿ ನೋಡಬಹುದಾದ, ಒಳಗೆ ಏನನ್ನಾದರೂ ಅಡಗಿಸಿಡಬಹುದಾದ ಒಂದು ಮರದ ಪೆಟ್ಟಿಗೆ.

ಆಗಿನ ನ್ಯೂಯಾರ್ಕಿನಲ್ಲಿ ಚಿತ್ರಕಾರರು, ನರ್ತಕರು, ಸಂಗೀತಗಾರರು ತಮ್ಮ ತಮ್ಮ ಬೇಲಿಗಳನ್ನು ಹಾರಿ ಒಬ್ಬರ ಹೊಲಕ್ಕೆ ಮತ್ತೊಬ್ಬರು ನುಗ್ಗುತ್ತಿದ್ದ ಕಾಲ. ಕಲಾವಿದನ ದೇಹ, ಮಾತು, ಅವನು ಆ ಹೊತ್ತಿನಲ್ಲಿ ಮಾಡುವ ಕ್ರಿಯೆ, ಇವೇ ಕೃತಿಯಾಗುವ ಈ ಬಗೆಗೆ 'ಪರ್ಫಾರ್ಮೆನ್ಸ್ ಆರ್ಟ್' ಎಂಬ ಹೆಸರು ಬಿದ್ದಿತು. ಹೆಸರು ಕೇಳಿ ವಾಚಕರು ಹಿಂಜರಿಯಬೇಕಾಗಿಲ್ಲ. ಒಬ್ಬನೇ ವ್ಯಕ್ತಿ ನಿಂತು, ಕಥೆ ಹೇಳಿ, ನಡುವೆ ಹಾಡಿ, ಉಪಕಥೆಯನ್ನು ಎಳೆದು ತಂದು ನಗಿಸಿ, ಮತ್ತೆ ಮೂಲ ಕಥೆಗೆ ಬರುವ ಕ್ರಮ ಹರಿಕಥೆಯನ್ನು ಕೇಳಿ ಬೆಳೆದವರಿಗೆ ಹೊಸದಲ್ಲ. ದಾಸರ ಕೈಯ ಚಿಟಿಕೆಯ ಸ್ಥಾನದಲ್ಲಿ ಇಲ್ಲಿ ವಿದ್ಯುತ್ ಪಿಟೀಲಿದೆ. ಪುರಾಣದ ಸ್ಥಾನದಲ್ಲಿ ಟೆಲಿಫೋನು, ವಿಮಾನ, ಟೆಲಿವಿಷನ್ನುಗಳ ಅಮೆರಿಕವಿದೆ. ಭೇದವಿರುವುದು ಒಂದು ಕಡೆ: ಹರಿಕಥೆಗೆ ಎಲ್ಲರೂ ಬಲ್ಲ ಕಥೆಯೊಂದು ಆಧಾರವಾಗಿರುತ್ತದೆ. ಈಕೆಗೆ ಅಂಥ ಆಧಾರವಿಲ್ಲ. ತನ್ನ ಅನುಭವದ ಚೂರುಗಳನ್ನೇ ಹೆಕ್ಕಿ ಜೋಡಿಸಿಕೊಳ್ಳಬೇಕು.

1977ರಲ್ಲಿ ಅವಳು ರೂಪಿಸಿದ ಪಿಟೀಲು ಈ ಜೋಡಣೆಯ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಪಿಟೀಲಿನ ಕಮಾನಿಗೆ ಕುದುರೆಯ ಬಾಲದ ಕೂದಲನ್ನು ಕಟ್ಟುವುದು ವಾಡಿಕೆ. ಅವಳು ಅದನ್ನು ತೆಗೆದು, ಧ್ವನಿಮುದ್ರಿತವಾದ ಟೇಪಿನ ತುಂಡೊಂದನ್ನು ಬಿಗಿದಳು. ತಂತಿಗಳನ್ನು ಹೊರುವ ಭಾಗದಲ್ಲಿ, ಟೇಪಿನ ಮೇಲಿರುವುದನ್ನು ಓದಬಲ್ಲ ಕಾಂತೀಯ ಸಾಧನವನ್ನು ಕೂರಿಸಿದಳು. ಕಮಾನನ್ನು ಎಳೆದರೆ ಟೇಪಿನಲ್ಲಿರುವ ಮಾತು ಕೇಳಿಸುತ್ತದೆ. ಹಿಂದಕ್ಕೆ ತಳ್ಳಿದರೆ ಅದೇ ಮಾತು ತಲೆಕೆಳಗಾಗುತ್ತದೆ. ಬೇಗ ಎಳೆದರೆ ಕೀಚಲು, ನಿಧಾನವಾಗಿ ಎಳೆದರೆ ಗೊಗ್ಗರು. ಪಿಟೀಲು ಮನುಷ್ಯರ ಕಂಠದಂತೆ ಹಾಡಬೇಕೆಂಬುದು ವಾದಕರ ಹಳೆಯ ಹಂಬಲ. ಈ ಪಿಟೀಲು ನೇರವಾಗಿ ಮಾತನ್ನೇ ಆಡಿತು.

ಅಲ್ಲಿಯವರೆಗೆ ಅವಳ ಶ್ರೋತೃಗಳೆಂದರೆ ಕಲಾಶಾಲೆಗಳಲ್ಲಿ, ಹಳೆಯ ಗೋದಾಮುಗಳಲ್ಲಿ ನೆಲದ ಮೇಲೆ ಕುಳಿತು ಕೇಳುತ್ತಿದ್ದ ಕೆಲವೇ ಜನ. 1981ರಲ್ಲಿ ಒಂದೇ ಒಂದು ಹಾಡು ಈ ಸ್ಥಿತಿಯನ್ನು ಬದಲಿಸಿತು. ಅದರ ಹಿನ್ನೆಲೆ ಗಂಭೀರವಾದುದು. ಇರಾನಿನ ರಾಜಧಾನಿಯಲ್ಲಿ ಅಮೆರಿಕದ ರಾಯಭಾರ ಕಚೇರಿಯ ಸಿಬ್ಬಂದಿ ಒತ್ತೆಯಾಳುಗಳಾಗಿದ್ದರು. ಅವರನ್ನು ಬಿಡಿಸಿ ತರಲು 1980ರ ಏಪ್ರಿಲ್‌ನಲ್ಲಿ ಹೊರಟ ಸೈನಿಕ ದಳದ ಹೆಲಿಕಾಪ್ಟರೊಂದು ಮರುಭೂಮಿಯಲ್ಲಿ ಸಾಗಣೆ ವಿಮಾನಕ್ಕೆ ಬಡಿದು ಎಂಟು ಮಂದಿ ಯೋಧರು ಸತ್ತರು. ಯಂತ್ರಬಲದಲ್ಲಿ ತನಗೆ ಸಮಾನರಿಲ್ಲವೆಂದು ನಂಬಿದ್ದ ರಾಷ್ಟ್ರವನ್ನು ಯಂತ್ರವೇ ಕೈಬಿಟ್ಟ ಪ್ರಸಂಗ ಅದು. ಇದೇ ಕಾಲದಲ್ಲಿ ಆಂಡರ್ಸನ್ ಚಾರ್ಲ್ಸ್ ಹಾಲೆಂಡ್ ಎಂಬ ಗಾಯಕನ ಬಾಯಲ್ಲಿ, ಫ್ರೆಂಚ್ ಸಂಗೀತಕಾರ ಮಾಸನೆಯ ಸಂಗೀತ ನಾಟಕವೊಂದರ ಪ್ರಾರ್ಥನೆಯನ್ನು ಕೇಳಿದ್ದಳು. ಯುದ್ಧಕ್ಕೆ ಹೊರಟ ವೀರನು ದೇವರನ್ನು ಒಡೆಯನೆಂದೂ ನ್ಯಾಯಾಧೀಶನೆಂದೂ ತಂದೆಯೆಂದೂ ಕರೆದು ತನ್ನನ್ನು ಒಪ್ಪಿಸಿಕೊಳ್ಳುವ ಹಾಡು ಅದು. ಇವೆರಡೂ ಅವಳ ಮನಸ್ಸಿನಲ್ಲಿ ಕೂಡಿ 'ಓ ಸೂಪರ್‌ಮ್ಯಾನ್' ಹುಟ್ಟಿತು.

ಎಂಟು ನಿಮಿಷಗಳಿಗೂ ಮೀರಿದ ಆ ಹಾಡಿನಲ್ಲಿ ತಾಳವಾದ್ಯವೆಂಬುದು ಇಲ್ಲವೇ ಇಲ್ಲ. 'ಹ' ಎಂಬ ಒಂದೇ ಅಕ್ಷರ ಉಸಿರಿನಂತೆ ಮೊದಲಿಂದ ಕೊನೆಯವರೆಗೆ ಮಿಡಿಯುತ್ತಿರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಟೆಲಿಫೋನಿಗೆ ಉತ್ತರ ಕೊಡುವ ಯಂತ್ರದಲ್ಲಿ ಮೊದಲು ತಾಯಿಯ ದನಿ, ಆಮೇಲೆ ಗುರುತಿಲ್ಲದ ಮತ್ತೊಂದು ದನಿ. ವಿಮಾನಗಳು ಬರುತ್ತಿವೆ ಎಂದು ಆ ದನಿ ಎಚ್ಚರಿಸುತ್ತದೆ. ಪ್ರೀತಿ ಹೋದ ಮೇಲೆ ನ್ಯಾಯ, ನ್ಯಾಯ ಹೋದ ಮೇಲೆ ಬಲ, ಬಲವೂ ಹೋದ ಮೇಲೆ ತಾಯಿಯ ತೋಳು ಎಂಬ ಕ್ರಮದಲ್ಲಿ ಹಾಡು ಸಾಗುತ್ತದೆ. ಆದರೆ ಆ ತಾಯಿಯ ತೋಳುಗಳೂ ಅಲ್ಲಿ ಯಂತ್ರದವು, ಅಸ್ತ್ರದವು. ವೋಕೋಡರ್ ಎಂಬ ಉಪಕರಣದ ಮೂಲಕ ಹಾದುಬಂದ ಅವಳ ಕಂಠ, ಮನುಷ್ಯರದೋ ಯಂತ್ರದ್ದೋ ಎಂದು ತಿಳಿಯದೆ ಕೇಳುವವರ ಮೈ ಜುಮ್ಮೆನ್ನುತ್ತದೆ.

500 ಡಾಲರುಗಳ ಸಹಾಯಧನದಲ್ಲಿ ತಯಾರಾದ ಈ ಧ್ವನಿಮುದ್ರಿಕೆಯನ್ನು ಮೊದಲು ಸಣ್ಣ ಸಂಸ್ಥೆಯೊಂದು ಸುಮಾರು ಸಾವಿರ ಪ್ರತಿಗಳಷ್ಟೇ ಹೊರತಂದಿತ್ತು. ಇಂಗ್ಲೆಂಡಿನ ರೇಡಿಯೋದಲ್ಲಿ ಜಾನ್ ಪೀಲ್ ಅದನ್ನು ಪ್ರಸಾರ ಮಾಡತೊಡಗಿದನು. ಒಂದು ದಿನ ಅಲ್ಲಿಂದ ಆಂಡರ್ಸನ್ನಳಿಗೆ ಫೋನು ಬಂದಿತು: ಎಂಬತ್ತು ಸಾವಿರ ಪ್ರತಿಗಳು ಬೇಕು, ತಡಮಾಡದೆ ಕಳಿಸಿ! ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಹಾಡು ಎರಡನೆಯ ಸ್ಥಾನಕ್ಕೇರಿತು. ವಾರ್ನರ್ ಬ್ರದರ್ಸ್‌ನಂಥ ದೊಡ್ಡ ಸಂಸ್ಥೆ ಅವಳೊಡನೆ ಒಪ್ಪಂದ ಮಾಡಿಕೊಂಡಿತು. 1983ರಲ್ಲಿ ಬ್ರೂಕ್ಲಿನ್‌ನ ರಂಗಮಂದಿರದಲ್ಲಿ 'ಯುನೈಟೆಡ್ ಸ್ಟೇಟ್ಸ್' ಎಂಬ ಅವಳ ಪ್ರಯೋಗ ಎರಡು ರಾತ್ರಿ, ಒಟ್ಟು ಸುಮಾರು ಎಂಟು ಗಂಟೆಗಳ ಕಾಲ ನಡೆಯಿತು.

ಅದರಲ್ಲಿ ಅವಳು ಆಗಾಗ ಗಂಡಸಿನ ದನಿಯಲ್ಲಿ ಮಾತನಾಡುತ್ತಿದ್ದಳು. ಯಂತ್ರದ ನೆರವಿನಿಂದ ತನ್ನ ದನಿಯನ್ನು ತಗ್ಗಿಸಿ ಗಡುಸುಗೊಳಿಸಿದರೆ, ರಾಜಕಾರಣಿಯೋ ದೊಡ್ಡ ಕಂಪೆನಿಯ ಒಡೆಯನೋ ಉಪದೇಶ ಮಾಡುತ್ತಿರುವಂತೆ ಕೇಳಿಸುತ್ತಿತ್ತು. ಅಧಿಕಾರದ ದನಿ ಎಂದು ಅದಕ್ಕೆ ಹೆಸರು. ಸರ್ವಜ್ಞನಂತೆ ಮಾತನಾಡುವ ಈ ದನಿ ಎಷ್ಟು ಟೊಳ್ಳೆಂಬುದನ್ನು ಬೈಗುಳವಿಲ್ಲದೆ, ಕೇವಲ ಅನುಕರಣೆಯಿಂದ ತೋರಿಸುವುದು ಅವಳ ಜಾಣ್ಮೆ.

ಹಾಡಿಗೂ ವಿಧಿಯುಂಟು. 2001ರ ಸೆಪ್ಟೆಂಬರ್ 11ರಂದು ವಿಮಾನಗಳು ನ್ಯೂಯಾರ್ಕಿನ ಅವಳಿ ಗೋಪುರಗಳಿಗೆ ಅಪ್ಪಳಿಸಿದವು. ಒಂದು ವಾರವಷ್ಟೇ ಕಳೆದಿತ್ತು. 19 ಮತ್ತು 20ರಂದು ಅದೇ ನಗರದ ಟೌನ್ ಹಾಲಿನಲ್ಲಿ ಆಂಡರ್ಸನ್ ಹಾಡಿದಳು. ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ದುರಂತಕ್ಕಾಗಿ ಬರೆದ ವಿಮಾನಗಳ ಹಾಡು, ಹೊಗೆಯ ವಾಸನೆ ಇನ್ನೂ ಆರದ ಊರಿನಲ್ಲಿ ಆ ಹೊತ್ತಿಗೆಂದೇ ಬರೆದಂತೆ ಕೇಳಿಸಿತು.

ಅವಳ ಸಾಹಸಗಳು ಹಲವು. 2003ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಅವಳನ್ನು ತನ್ನ ಮೊದಲ ಆಸ್ಥಾನ ಕಲಾವಿದೆಯನ್ನಾಗಿ ಮಾಡಿಕೊಂಡಿತು. ಮೊದಲು ಫೋನು ಬಂದಾಗ ಯಾರದೋ ಕುಚೋದ್ಯವೆಂದು ಬಗೆದು ಕೆಳಗಿಟ್ಟುಬಿಟ್ಟಳಂತೆ! 2010ರಲ್ಲಿ ಆಸ್ಟ್ರೇಲಿಯದ ಸಿಡ್ನಿ ಒಪೆರಾ ಹೌಸಿನ ಹೊರಗೆ ನಾಯಿಗಳಿಗಾಗಿಯೇ ಒಂದು ಕಛೇರಿ ನಡೆಸಿದಳು. 2015ರಲ್ಲಿ, ಗ್ವಾಂಟಾನಮೋ ಸೆರೆಮನೆಯಲ್ಲಿ ಬಾಲ್ಯವನ್ನೇ ಕಳೆದುಕೊಂಡು ಬಿಡುಗಡೆಯಾಗಿದ್ದ, ಆದರೆ ಅಮೆರಿಕದ ನೆಲವನ್ನು ಮೆಟ್ಟಲು ಅನುಮತಿಯಿಲ್ಲದ ಮೊಹಮ್ಮದ್ ಎಲ್ ಘರಾನಿ ಎಂಬ ತರುಣನ ಜೀವಂತ ಬಿಂಬವನ್ನು ಆಫ್ರಿಕದಿಂದ ನ್ಯೂಯಾರ್ಕಿನ ಸಭಾಂಗಣವೊಂದರ ಬೃಹತ್ ಪ್ರತಿಮೆಯ ಮೇಲೆ ಮೂಡಿಸಿದಳು. ಹೋಗಲಾಗದ ದೇಶದಲ್ಲಿ ಆ ತರುಣನು ಜನರೆದುರು ಕುಳಿತು ತನ್ನ ಕಥೆಯನ್ನು ಹೇಳಿದನು.

ಈ ನಡುವೆ ಅವಳ ಬಾಳಿನಲ್ಲಿ ಜೊತೆಗಾರನೊಬ್ಬ ಬಂದಿದ್ದನು. ಪ್ರಸಿದ್ಧ ರಾಕ್ ಗಾಯಕ ಲೂ ರೀಡ್‌ನನ್ನು ಅವಳು ಸಂಧಿಸಿದ್ದು 1992ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಹದಿನಾರು ವರ್ಷಗಳ ಒಡನಾಟದ ಮೇಲೆ, 2008ರಲ್ಲಿ, ಅವಳು ಫೋನಿನಲ್ಲಿ ಅವನೊಡನೆ ಮಾತನಾಡುತ್ತ ತನ್ನಿಂದ ಆಗದೇ ಉಳಿದ ಕೆಲಸಗಳನ್ನು ಎಣಿಸಿದಳು: ಜರ್ಮನ್ ಭಾಷೆ ಕಲಿಯಲಿಲ್ಲ, ಭೌತಶಾಸ್ತ್ರ ಓದಲಿಲ್ಲ, ಮದುವೆಯಾಗಲಿಲ್ಲ. ಹಾಗಾದರೆ ನಾಳೆಯೇ ಮದುವೆಯಾಗೋಣ, ಅರ್ಧ ದಾರಿಗೆ ನಾನೇ ಬರುತ್ತೇನೆ ಎಂದನು ಅವನು. ಮರುದಿನವೇ ಕೊಲರಾಡೋದ ಬೌಲ್ಡರ್ ಎಂಬಲ್ಲಿ, ಸ್ನೇಹಿತರ ಮನೆಯ ಹಿತ್ತಲಿನಲ್ಲಿ ವಿವಾಹ ನೆರವೇರಿತು.

ಅನಂತರದ್ದು ನಷ್ಟಗಳ ಕಾಲ. 2011ರಲ್ಲಿ ಅವಳ ಮುದ್ದಿನ ನಾಯಿ ಲೋಲಾಬೆಲ್ ಸತ್ತಿತು. ಮುಪ್ಪಿನಲ್ಲಿ ಕುರುಡಾಗಿದ್ದ ಆ ಪ್ರಾಣಿಗೆ ಪಿಯಾನೋದ ಮನೆಗಳನ್ನು ಕಾಲಿನಿಂದ ಒತ್ತುವುದನ್ನು ಕಲಿಸಿದ್ದರು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಎಂಬ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿ, ನದಿಯ ನೀರು ಅವಳ ಮನೆಯ ನೆಲಮಾಳಿಗೆಗೆ ನುಗ್ಗಿತು. ದಶಕಗಳಿಂದ ಜೋಪಾನ ಮಾಡಿದ್ದ ವಾದ್ಯಗಳು, ಪ್ರದರ್ಶನದ ಸಾಮಗ್ರಿಗಳು, ಕಾಗದಪತ್ರಗಳು ಕಪ್ಪು ನೀರಿನಲ್ಲಿ ತೇಲಿದವು. ಅಂದು ಬೀದಿಯಲ್ಲಿ ಅವಳೇ ಆರಿಸಿಕೊಂಡಿದ್ದ ಕರಗುವಿಕೆ ಈಗ ಕರೆಯದೆ ಮನೆಬಾಗಿಲಿಗೆ ಬಂದಿತ್ತು. ದುಃಖವಾಯಿತು, ಆದರೆ ಇನ್ನು ಅವನ್ನೆಲ್ಲ ಕಾಪಾಡುವ ಹೊಣೆ ತನಗಿಲ್ಲವೆಂಬ ಹಗುರವೂ ಅದರ ಹಿಂದೆಯೇ ಬಂದಿತೆಂದು ಆಕೆ ಹೇಳಿದ್ದಾಳೆ. ಈ ಪ್ರವಾಹವನ್ನು ವಸ್ತುವಾಗಿಸಿಕೊಂಡು ಕ್ರೋನೋಸ್ ಎಂಬ ವಾದಕರ ತಂಡದೊಡನೆ ರಚಿಸಿದ 'ಲ್ಯಾಂಡ್‌ಫಾಲ್' 2018ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದು, 2019ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಪ್ರವಾಹ ಬಂದು ಒಂದು ವರ್ಷ ತುಂಬುವ ಹೊತ್ತಿಗೆ, 2013ರ ಅಕ್ಟೋಬರ್ 27ರಂದು, ಲೂ ರೀಡ್ ಯಕೃತ್ತಿನ ಬೇನೆಯಿಂದ ತೀರಿಕೊಂಡನು. ಮರಗಳ ಕಡೆ ನೋಡುತ್ತ, ತಾನು ಅಭ್ಯಾಸ ಮಾಡುತ್ತಿದ್ದ ತಾಯ್ ಚೀ ಎಂಬ ಚೀನೀ ವ್ಯಾಯಾಮದ ಮುದ್ರೆಗಳನ್ನು ಕೈಗಳಲ್ಲಿ ತೋರುತ್ತ ಅವನು ಪ್ರಾಣ ಬಿಟ್ಟನೆಂದು ಅವಳು ಬರೆದಳು.

ಇಷ್ಟೆಲ್ಲ ಆದ ಮೇಲೆ, 2015ರಲ್ಲಿ, ಅವಳ 'ಹಾರ್ಟ್ ಆಫ್ ಎ ಡಾಗ್' ಎಂಬ ಚಲನಚಿತ್ರ ಬಂದಿತು. ಹೆಸರಿಗೆ ನಾಯಿಯ ಕಥೆ. ನಿಜವಾಗಿ ಸಾವಿನ ಕಥೆ, ಕಥೆ ಹೇಳುವುದರ ಕಥೆ. ಅದರಲ್ಲಿ ಅವಳು ತನ್ನ ಹನ್ನೆರಡನೆಯ ವಯಸ್ಸಿನ ಪ್ರಸಂಗವೊಂದನ್ನು ಹೇಳುತ್ತಾಳೆ. ಈಜುಕೊಳದ ಹಲಗೆಯಿಂದ ಲಾಗ ಹಾಕಲು ಹೋಗಿ, ನೀರಿನ ಬದಲು ಸಿಮೆಂಟಿನ ಅಂಚಿನ ಮೇಲೆ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ಇನ್ನು ನಡೆಯಲಾರಳು ಎಂದರು ವೈದ್ಯರು. ವಾರಗಟ್ಟಲೆ ಆಸ್ಪತ್ರೆಯಲ್ಲಿ ಅಲುಗಾಡದೆ ಮಲಗಿದ್ದ, ದೊಡ್ಡ ದೊಡ್ಡ ಕಾದಂಬರಿಗಳನ್ನು ಓದುತ್ತಿದ್ದ ಆ ಹುಡುಗಿಗೆ, ಸೇವೆಗೆ ಬಂದವರು ಮೊಲದ ಮರಿಯ ಕಥೆ ಓದಿ ಹೇಳುತ್ತಿದ್ದರು. ಇದನ್ನು ಅವಳು ವರ್ಷಾನುಗಟ್ಟಲೆ ನಗೆಯ ಕಥೆಯಾಗಿ ಹೇಳಿಕೊಂಡು ಬಂದಿದ್ದಳು. ಒಮ್ಮೆ ಹೇಳುತ್ತಿರುವಾಗಲೇ ಥಟ್ಟನೆ ಹೊಳೆಯಿತು: ಆ ಕೊಠಡಿಯಲ್ಲಿ ತಾನೊಬ್ಬಳೇ ಇರಲಿಲ್ಲ. ಬೆಂಕಿಯಲ್ಲಿ ಬೆಂದ ಮಕ್ಕಳನ್ನೂ ಅಲ್ಲಿಯೇ ಮಲಗಿಸಿದ್ದರು. ರಾತ್ರಿಯೆಲ್ಲ ಅವರ ನರಳಾಟ ಕೇಳಿಸುತ್ತಿತ್ತು. ಬೆಳಗಾದಾಗ ಕೆಲವು ಹಾಸಿಗೆಗಳು ಬರಿದಾಗಿರುತ್ತಿದ್ದವು. ತನ್ನ ಕಥೆಯಿಂದ ಅವಳು ಆ ಮಕ್ಕಳನ್ನು ಬಿಟ್ಟೇಬಿಟ್ಟಿದ್ದಳು. ಒಂದು ಕಥೆಯನ್ನು ಹೇಳಿ ಹೇಳಿ ನುಣುಪು ಮಾಡಿದಷ್ಟೂ ನಡೆದುದು ಮರೆತುಹೋಗುತ್ತದೆ ಎಂಬ ಅರಿವು ಅವಳಿಗಾಯಿತು.

ಮತ್ತೊಂದು ಕಥೆ ತಾಯಿಯದು. ತಾಯಿ ಸಾಯುವ ಕಾಲದಲ್ಲಿ ಅವಳನ್ನು ಕಾಡಿದ್ದು, ತನಗೆ ತಾಯಿಯ ಮೇಲೆ ಪ್ರೀತಿಯೇ ಇಲ್ಲವಲ್ಲ ಎಂಬ ಅಳಲು. ಹೇಳಿಕೊಳ್ಳಲು ಯಾವ ಮಗಳಿಗೂ ನಾಲಗೆ ಬಾರದ ಮಾತು. ಬೌದ್ಧ ಗುರುವೊಬ್ಬರು ಒಂದು ಧ್ಯಾನವನ್ನು ಸೂಚಿಸಿದರು: ತಾಯಿ ನಿನ್ನನ್ನು ಯಾವ ಷರತ್ತೂ ಇಲ್ಲದೆ ಪ್ರೀತಿಸಿದ ಒಂದು ಕ್ಷಣವನ್ನು ನೆನೆದುಕೋ. ಹುಡುಕಿದಳು, ಸಿಗಲಿಲ್ಲ. ಕೊನೆಗೆ ನೆನಪಿನ ತಳದಿಂದ ಎದ್ದುಬಂದದ್ದು ಒಂದು ಹೆಪ್ಪುಗಟ್ಟಿದ ಕೆರೆ. ಚಳಿಗಾಲದಲ್ಲೊಂದು ದಿನ ಇಬ್ಬರು ಪುಟ್ಟ ತಮ್ಮಂದಿರನ್ನು ತಳ್ಳುಬಂಡಿಯಲ್ಲಿ ಕೂರಿಸಿಕೊಂಡು ಆ ಮಂಜಿನ ಮೇಲೆ ಹೊರಟಿದ್ದಳು. ಮಂಜು ಒಡೆದು ಬಂಡಿ ಮಕ್ಕಳ ಸಮೇತ ಮುಳುಗಿತು. ಅವಳು ಆ ಕೊರೆಯುವ ನೀರಿಗೆ ಧುಮುಕಿ ಒಬ್ಬನನ್ನು ಎಳೆದು ಮೇಲೆ ಹಾಕಿದಳು; ಮತ್ತೆ ಧುಮುಕಿ, ತಳದಲ್ಲಿದ್ದ ಬಂಡಿಯಿಂದ ಮತ್ತೊಬ್ಬನನ್ನು ಬಿಡಿಸಿ ತಂದಳು. ಇಬ್ಬರನ್ನೂ ಎತ್ತಿಕೊಂಡು, ಅಮ್ಮ ತನ್ನನ್ನು ಕೊಂದೇಬಿಡುತ್ತಾಳೆ ಎಂದುಕೊಂಡು ಮನೆಗೆ ಓಡಿದಳು. ತಾಯಿ ಅವಳನ್ನು ನೋಡಿದಳು. ಗದರಲಿಲ್ಲ. ನೀನು ಇಷ್ಟು ಚೆನ್ನಾಗಿ ಈಜುತ್ತೀಯೆ, ಇಷ್ಟು ಚೆನ್ನಾಗಿ ಮುಳುಗು ಹಾಕುತ್ತೀಯೆ ಎಂದು ನನಗೆ ಗೊತ್ತೇ ಇರಲಿಲ್ಲ ಎಂದಳು. ತಾನು ಹುಡುಕುತ್ತಿದ್ದ ಕ್ಷಣ ಇದೇ ಎಂದು ಮಗಳಿಗೆ ತಿಳಿಯಿತು. ತಿಳಿಯುವಾಗ ತಾಯಿ ಇರಲಿಲ್ಲ.

ಜಿನೋವಾದ ಬೀದಿಯಲ್ಲಿ ಅವಳ ಕಥೆಯನ್ನು ತಪ್ಪಾಗಿ ತಿಳಿದುಕೊಂಡ ಆ ಮನುಷ್ಯನು ಅಂದು ಪೂರ್ಣ ತಪ್ಪನ್ನೇ ಹೇಳಿರಲಿಲ್ಲವೆಂದು ಈಗ ತೋರುತ್ತದೆ. ಹುಡುಗಿಯೊಬ್ಬಳ ಯಾವುದೋ ಒಂದು ಭಾಗ ನಿಜವಾಗಿಯೂ ಆ ಕೆರೆಯಲ್ಲಿ ಹೆಪ್ಪುಗಟ್ಟಿ ಉಳಿದಿತ್ತು.

2024ರಲ್ಲಿ ಅವಳಿಗೆ ಜೀವಮಾನದ ಸಾಧನೆಗಾಗಿ ಗ್ರ್ಯಾಮಿ ಗೌರವ ಸಂದಿತು. ಅದೇ ವರ್ಷ 'ಅಮೇಲಿಯಾ' ಎಂಬ ಧ್ವನಿಮುದ್ರಿಕೆ ಹೊರಬಂದಿತು. 1937ರಲ್ಲಿ ಭೂಪ್ರದಕ್ಷಿಣೆಗೆ ಹೊರಟು, ಕರಾಚಿ ಕಲ್ಕತ್ತೆಗಳನ್ನು ದಾಟಿ ಸಾಗಿ, ಕೊನೆಗೆ ಶಾಂತಸಾಗರದಲ್ಲಿ ಕಣ್ಮರೆಯಾದ ವಿಮಾನಯಾತ್ರಿಣಿ ಅಮೇಲಿಯಾ ಇಯರ್‌ಹಾರ್ಟ್‌ಳ ಕೊನೆಯ ಪಯಣ ಅದರ ವಸ್ತು. ನೀರಿನ ಪಾಲಾದುದನ್ನು ಕಥೆಯಲ್ಲಿ ಮೇಲೆತ್ತುವ ಕೆಲಸವನ್ನು ಅವಳು ಬಿಟ್ಟಿಲ್ಲ.

ಆಂಡರ್ಸನ್ನಳ ಯಂತ್ರಗಳೂ ಟೇಪಿನ ಪಿಟೀಲೂ ಎಲ್ಲರಿಗೂ ರುಚಿಸಬೇಕೆಂದಿಲ್ಲ. ಆದರೆ ಅವಳು ಎದುರಿಸಿದ ಪ್ರಶ್ನೆ ಪ್ರತಿಯೊಂದು ಮನೆಯದು. ಹಬ್ಬದ ದಿನ ಎಲ್ಲರೂ ಕೂಡಿದಾಗ ಅಜ್ಜನೋ ಸೋದರತ್ತೆಯೋ ಮತ್ತೆ ಮತ್ತೆ ಹೇಳುವ, ಮಕ್ಕಳಿಗೆ ಬಾಯಿಪಾಠವೇ ಆಗಿರುವ ಒಂದು ಹಳೆಯ ಕಥೆ ಯಾವ ಸಂಸಾರದಲ್ಲಿಲ್ಲ? ಎಲ್ಲರೂ ನಗುವ ಜಾಗ ಎಲ್ಲರಿಗೂ ಗೊತ್ತು. ಮುಂದಿನ ಸಲ ಆ ಕಥೆ ಬಂದಾಗ, ನಕ್ಕು ಮುಗಿದ ಮೇಲೆ, ಆ ಹೊತ್ತಿನಲ್ಲಿ ಅಲ್ಲಿ ಇನ್ನು ಯಾರು ಯಾರು ಇದ್ದರು ಎಂದು ಮೆಲ್ಲಗೆ ಕೇಳಿ ನೋಡಬಹುದು. ಹೇಳುವವರು ಕ್ಷಣಕಾಲ ಸುಮ್ಮನಾದರೆ, ಕೇಳುವವರೂ ಆತುರಪಡದೆ ಕಾದಿರುವುದು ಲೇಸು.